ಬಾಯಿ ಮುಚ್ಚಿ ತೆಗೆಯಬೇಕಾದ ಅಚ್ಚು

ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಅಚ್ಚಕ್ಕನವರ ಕಿವಿಗೆ ಬಾಯಿಟ್ಟು ಕಿರುಚಿದೆ. ತಪ್ಪು ಪೂರ್ತಿ ನನ್ನದೆಂದು ಈಗಲೂ ಒಪ್ಪಲಾರೆ. ಅದು ಕಿವಿ ಮಷೀನು ಮಾರುವ ಅಂಗಡಿ, ಕಿವಿ ಕೇಳದವರೇ ಹುಡುಕಿಕೊಂಡು ಬರುವ ಜಾಗ. ಒಳಗಡೆ, ಶಬ್ದ ನುಸುಳದಂತೆ ದಪ್ಪ ಮೆತ್ತೆ ಹೊಡೆದು ಕಟ್ಟಿದ, ಗಾಜಿನ ಸಣ್ಣ ಕಿಟಕಿಯ ಪರೀಕ್ಷೆಯ ಗೂಡಿನಲ್ಲಿ, ನಡುವಯಸ್ಸು ದಾಟಿದ ಹೆಂಗಸೊಬ್ಬರು ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಅಂಗೈಗಳನ್ನು ತೊಡೆಯ ಮೇಲೆ ಅಂಗಾತ ಚೆಲ್ಲಿ ಕುಳಿತಿದ್ದರು. ಬಾಗಿಲು ತೆರೆದು ನಮಸ್ಕಾರ ಎಂದೆ, ಅಲುಗಲಿಲ್ಲ. ಇನ್ನೊಮ್ಮೆ ಎಂದೆ, ರೆಪ್ಪೆಯೂ ಮಿಸುಕಲಿಲ್ಲ. ಪಾಪ, ಪೂರ್ತಿ ಹೋಗಿದೆ ಎಂದು ನನ್ನ ಚುರುಕು ಬುದ್ಧಿ ತೀರ್ಪು ಕೊಟ್ಟಿತು. ಮೈಮೇಲೆ ಬಿಳಿಯ ಕೋಟಿತ್ತು ನಿಜ. ಪರೀಕ್ಷೆಗೆ ಬಂದವರಿಗೆ ತೊಡಿಸುವ ಬಟ್ಟೆಯಿರಬೇಕೆಂದು ಅದನ್ನೂ ನನ್ನ ತರ್ಕ ನುಂಗಿ ನೀರು ಕುಡಿಯಿತು. ಪಕ್ಕದಲ್ಲಿ ಮಂಡಿಯೂರಿ, ಹಿಂದಿನ ವಾರವಿಡೀ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಮಾರಾಟದ ಭಾಷಣವನ್ನು ಕೈಸನ್ನೆ ಬಾಯ್ಸನ್ನೆಗಳ ಸಮೇತ, ಬೀದಿಯ ಆಚೆ ತುದಿಗೆ ಕೇಳುವ ದನಿಯಲ್ಲಿ ಒಪ್ಪಿಸಿದೆ.

ಅವರು ಕಣ್ಣು ಬಿಟ್ಟು, ನಡುನಡುವೆ ತಲೆದೂಗುತ್ತ, ಕೊನೆಯವರೆಗೂ ಕೇಳಿದರು. ಆಮೇಲೆ, ಆ ಗೂಡಿಗೇ ಹೇಳಿ ಮಾಡಿಸಿದಂಥ ಮೆಲುದನಿಯಲ್ಲಿ, "ಚೆನ್ನಾಗಿ ಮಾತಾಡ್ತೀಯಪ್ಪ. ಆದ್ರೆ ಇದರೊಳಗೆ ಪಿಸುಮಾತು ಸಾಕು. ಆ ಮಷೀನಿಗೆ ಅಚ್ಚು ಮಾಡೋದು ನಾನೇ. ಕೇಳಿಸ್ತಾ?" ಎಂದರು.

ಅಂದಿನಿಂದ ನಾನು ಅಂಗಡಿಯಲ್ಲಿ 'ಮೈಕು' ಆದೆ. ತಂದೆತಾಯಿ ಇಟ್ಟ ಹೆಸರು ಸಂಬಳದ ದಿನ ಮಾತ್ರ ನೆನಪಾಗುತ್ತಿತ್ತು. ಸಂಬಳ ನೋಡಿದ ಮೇಲೆ ಮೈಕು ಎಂಬುದೇ ದೊಡ್ಡ ಪದವಿ ಅನ್ನಿಸುತ್ತಿತ್ತು.

ಅಚ್ಚಕ್ಕ ಎಂಬುದೂ ಇಟ್ಟ ಹೆಸರಲ್ಲ, ಬಿದ್ದ ಹೆಸರು. ಕಿವಿಯ ಅಚ್ಚು ತೆಗೆಯುವ ಅಕ್ಕ. ಪ್ರತಿಯೊಬ್ಬರ ಕಿವಿಯ ಒಳದಾರಿಯೂ ಬೇರೆ ಬೇರೆ ರೀತಿ ತಿರುಚಿಕೊಂಡಿರುವುದರಿಂದ ಮಷೀನು ಕೂರಬೇಕಾದರೆ ಆಯಾ ಕಿವಿಯ ಅಳತೆಗೇ ಅಚ್ಚು ಬೇಕು. ಒಳಗೆ ದಾರ ಕಟ್ಟಿದ ಹತ್ತಿಯ ತಡೆ ಇಟ್ಟು, ಕಲಸಿದ ಕಣಕದಂತೆ ಮೆತ್ತಗಿರುವ ಗುಲಾಬಿ ಬಣ್ಣದ ಲೇಪವನ್ನು ಪಿಚಕಾರಿಯಿಂದ ತುಂಬಿ, ಅದು ಗಟ್ಟಿಯಾಗುವವರೆಗೆ ಕಾದು, ಮೆಲ್ಲನೆ ಹೊರಳಿಸಿ ತೆಗೆಯಬೇಕು. ಆ ಗುಲಾಬಿ ಲೇಪದ ಚೂರುಗಳು ಅವರ ಕೋಟಿನ ಜೇಬಿನಲ್ಲಿ, ತೋಳಿನ ಮಡಿಕೆಯಲ್ಲಿ, ಕೆಲವೊಮ್ಮೆ ತಲೆಗೂದಲಲ್ಲೂ ಇರುತ್ತಿದ್ದವು. ಯಾರೊಂದಿಗೆ ಮಾತಾಡುವಾಗಲೂ ಅವರ ದೃಷ್ಟಿ ಎದುರಿನವರ ಕಣ್ಣಿನಲ್ಲಿರದೆ ಕಿವಿಯಲ್ಲಿರುತ್ತಿತ್ತು. ಹೊಸಬರು ತಮ್ಮ ಹಿಂದೆ ಯಾರೋ ನಿಂತಿದ್ದಾರೆಂದು ತಿರುಗಿ ನೋಡುತ್ತಿದ್ದರು. ಬೀದಿಯಲ್ಲಿ ಪರಿಚಿತರು ಎದುರಾದರೆ ಮುಖದ ಗುರುತು ಹತ್ತದೆ ಒಂದು ಗಳಿಗೆ ತಡವರಿಸಿ, ಎದುರಿನವರು ಬೇಸರಪಟ್ಟುಕೊಂಡು ಪಕ್ಕಕ್ಕೆ ತಿರುಗಿದಾಗ ಕಿವಿ ಕಂಡು, "ಓ, ನೀವಾ!" ಎಂದು ಅರಳುತ್ತಿದ್ದರು. ನಡಿಗೆಯೋ, ರಬ್ಬರಿನ ಅಟ್ಟೆಯ ಮೇಲೆ ತೇಲಿದಂತೆ. ಬಂದದ್ದು ಗೊತ್ತಾಗುತ್ತಿರಲಿಲ್ಲ, ಬೆನ್ನ ಹಿಂದೆ ಇದ್ದಕ್ಕಿದ್ದಂತೆ ಇರುತ್ತಿದ್ದರು.

ಮಾತು ಮಾತ್ರ ಹಾಗಲ್ಲ. ಅಡ್ಡಗೋಡೆಯ ಮೇಲೆ ದೀಪವಿಡುವ ಕಲೆ ಅವರಿಗೆ ಸಿದ್ಧಿಸಿರಲಿಲ್ಲ. ಕಿವಿ ಮಂದವಾದವರೊಡನೆ ಆಯುಷ್ಯವೆಲ್ಲ ವ್ಯವಹರಿಸಿದವರಿಗೆ ವಾಕ್ಯ ಚಿಕ್ಕದಾಗಿರಬೇಕು, ತುಟಿ ಕಾಣಬೇಕು, ಅರ್ಥ ಒಂದೇ ಇರಬೇಕು. ಇಲ್ಲದಿದ್ದರೆ ಅದನ್ನೇ ಮತ್ತೆ ಮತ್ತೆ ಹೇಳಬೇಕು. ಹಾಗಾಗಿ ಹೌದಾದರೆ ಹೌದು, ಅಲ್ಲವಾದರೆ ಅಲ್ಲ, ಕೊನೆಗೊಂದು 'ಕೇಳಿಸ್ತಾ?' ಆ ಬಾಲಂಗೋಚಿ ಗಿರಾಕಿಗಳಿಗಷ್ಟೇ ಮೀಸಲಾಗಿರಲಿಲ್ಲ. ತರಕಾರಿಯವನಿಗೂ ಅಷ್ಟೆ, ಗಂಡನಿಗೂ ಅಷ್ಟೆ. "ಇವತ್ತು ನನಗೆ ಜ್ವರ. ಕೇಳಿಸ್ತಾ?" ಎಂದರೆ ಜ್ವರಕ್ಕೂ ಕೇಳಿಸಿರಬೇಕು.

ಇಂಥವರು ಊಟದ ಬಿಡುವಿನಲ್ಲಿ ಗೂಡು ಸೇರಿ ಕಣ್ಣು ಮುಚ್ಚಿ ಏನು ಮಾಡುತ್ತಿದ್ದರು ಎಂಬುದು ನನಗೆ ನಿಧಾನವಾಗಿ ತಿಳಿಯಿತು. ಅಭ್ಯಾಸ ಮಾಡುತ್ತಿದ್ದರು. ಬೇಸಿಗೆಗೆ ಒಬ್ಬರೇ ಎಲ್ಲಿಗಾದರೂ ಹೋಗಿ, ಹತ್ತಾರು ದಿನ ಯಾರ ಜೊತೆಗೂ ಮಾತಿಲ್ಲದೆ ಧ್ಯಾನಕ್ಕೆ ಕೂರಬೇಕೆಂಬುದು ಅವರ ಬಹುಕಾಲದ ಸಂಕಲ್ಪ. ಪ್ರತಿ ವರ್ಷ ಚಳಿ ಇಳಿಯುತ್ತಿದ್ದಂತೆ ಸಿದ್ಧತೆ ಆರಂಭವಾಗುತ್ತಿತ್ತು. ಪ್ರತಿ ವರ್ಷ ಬಿಸಿಲು ಏರುತ್ತಿದ್ದಂತೆ ಮುರಿದುಬೀಳುತ್ತಿತ್ತು. ಒಂದು ವರ್ಷ ಅತ್ತೆ ಬಚ್ಚಲಲ್ಲಿ ಜಾರಿದರು. ಇನ್ನೊಂದು ವರ್ಷ ಅಂಗಡಿಯ ಯಜಮಾನರ ಕಣ್ಣಿನ ಪೊರೆ. ಮತ್ತೊಂದು ವರ್ಷ ಕಾರಣವೇ ನೆನಪಿಲ್ಲ. ಹೋಗಲಿಲ್ಲ ಎಂಬುದಷ್ಟೇ ನೆನಪು. ಸಿದ್ಧತೆಯ ಮೊದಲ ಹೆಜ್ಜೆ ಯಾವಾಗಲೂ ಒಂದೇ: ತಮ್ಮ ಕಿವಿಗೆ ತಾವೇ ಒಂದು ಜೊತೆ ಗಟ್ಟಿ ಬಿರಡೆ ಮಾಡಿಕೊಳ್ಳುವುದು. ಹೊರಗಿನ ಸದ್ದು ಒಳಗೆ ಬಾರದ ಹಾಗೆ, ಸೀಸೆಗೆ ಬಿರಡೆ ಜಡಿದಂತೆ ಕೂರುವ ಜೋಡಿ. ಕೆಲಸದ ಮೇಜಿನ ಡ್ರಾಯರಿನಲ್ಲಿ ಹಳೆಯ ಬೇಸಿಗೆಗಳ ಬಿರಡೆಗಳೆಲ್ಲ ಬಣ್ಣಬಣ್ಣವಾಗಿ ಸಾಲಾಗಿ ಮಲಗಿದ್ದವು. ಹೋದ ವರ್ಷದ್ದೇ ಇದೆಯಲ್ಲ, ಮತ್ತೆ ಯಾಕೆ ಎಂದು ಕೇಳಿದರೆ, ವಯಸ್ಸಾದಂತೆ ಕಿವಿಯೂ ಆಕಾರ ಬದಲಿಸುತ್ತದೆ ಎನ್ನುತ್ತಿದ್ದರು. ನನಗನ್ನಿಸುವುದು ಬೇರೆ. ಹಳೆಯ ಬಿರಡೆಯಿಂದ ಹೊಸ ಆಸೆ ಶುರುವಾಗುವುದಿಲ್ಲ.

ಅವರಿಗೆ ಧ್ಯಾನದ ದೀಕ್ಷೆ ಕೊಟ್ಟವರು ಇಂಜಿನ್ ತಾತ. ಹಡಗಿನ ಇಂಜಿನ್ ಕೋಣೆಯಲ್ಲಿ ಜೀವ ಸವೆಸಿ ಎರಡು ಕಿವಿಗಳನ್ನೂ ಸಮುದ್ರಕ್ಕೆ ಒಪ್ಪಿಸಿ ಬಂದಿದ್ದ ಹಳೆಯ ಗಿರಾಕಿ. ನಿವೃತ್ತಿಯಾದ ಮೇಲೆ ಮೌನವನ್ನು ಹುಡುಕಿಕೊಂಡು ಹೋಗಿ, ಊರಾಚೆ ಬಹುದೂರದ ಒಂದು ಸರೋವರದ ದಂಡೆಯಲ್ಲಿ, ದೋಣಿ ನಿಲ್ಲಿಸುವ ಕೊಟ್ಟಿಗೆಯ ಮೇಲಿನ ಒಂಟಿ ಕೋಣೆಯನ್ನು ಕೊಂಡಿದ್ದರು. ಆದರೆ ಇಂಜಿನ್ನು ಅವರನ್ನು ಬಿಟ್ಟಿರಲಿಲ್ಲ. ಕಿವಿಯೊಳಗೆ ಹಗಲೂ ರಾತ್ರಿ ಗುಂಯ್ ಎನ್ನುತ್ತಲೇ ಇತ್ತು. "ನನಗೆ ದಕ್ಕಲಿಲ್ಲ ಮಗಳೇ, ನೀನಾದರೂ ಒಂದು ಸಲ ಹೋಗಿ ಕೂತು ಬಾ" ಎಂದು ಪ್ರತಿ ಭೇಟಿಯಲ್ಲೂ ಹೇಳುತ್ತಿದ್ದರಂತೆ. ಮಳೆಗಾಲದಲ್ಲಿ ಆ ಕೋಣೆ ಸೋರುತ್ತಿತ್ತು, ಚಳಿಗಾಲದಲ್ಲಿ ಹಲಗೆಗಳ ಸಂದಿಯಿಂದ ಗಾಳಿ ಕೊರೆಯುತ್ತಿತ್ತು; ಇರಬಹುದಾದದ್ದು ಬೇಸಿಗೆಯಲ್ಲಿ ಮಾತ್ರ. ನಮ್ಮ ಅಂಗಡಿಗೆ ಸುಗ್ಗಿಯೂ ಬೇಸಿಗೆಯೇ. ಬೆವರು ನಮ್ಮ ಅನ್ನದಾತ. ಬಿಸಿಲು ಹೆಚ್ಚಿದಷ್ಟೂ ಮಷೀನುಗಳೊಳಗೆ ಬೆವರು ಇಳಿದು ಅವು ಕೆಡುತ್ತಿದ್ದವು. ಶಾಲೆಗೆ ರಜೆ ಸಿಕ್ಕಿದ್ದೇ ತಾಯಂದಿರು ಮಕ್ಕಳನ್ನು ಎಳೆದುಕೊಂಡು ಬಂದು, ಬೆಳೆದ ಕಿವಿಗೆ ಹೊಸ ಅಚ್ಚು ಕೇಳುತ್ತಿದ್ದರು. ಹೀಗೆ ಅಚ್ಚಕ್ಕನವರ ಮೌನಕ್ಕೂ ನಮ್ಮ ಹೊಟ್ಟೆಪಾಡಿಗೂ ಒಂದೇ ಮುಹೂರ್ತ ಕೂಡಿಬಂದಿತ್ತು.

ನಾನು ಸೇರಿದ ಎರಡನೆಯ ಬೇಸಿಗೆಗೆ ಮುಂಚೆ ಇಂಜಿನ್ ತಾತ ಅಂಗಡಿಗೆ ಬಂದರು. ಮಂಡಿ ಸೋತಿತ್ತು, ಕೋಣೆಯ ಏಣಿ ಹತ್ತಲಾಗುತ್ತಿರಲಿಲ್ಲ. ಮಗಳು ತನ್ನ ಮನೆಗೆ ಕರೆದೊಯ್ಯುತ್ತಿದ್ದಳು. ಮಳೆ ಬೀಳುವ ಮುನ್ನ ಆ ಜಾಗ ಬೇರೆಯವರ ಪಾಲಾಗಲಿತ್ತು. ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಹಡಗಿನವರ ಎತ್ತರದ ದನಿಯಲ್ಲಿ, "ಇದೇ ಕಡೇ ಬೇಸಿಗೆ" ಎಂದರು. ಅಚ್ಚಕ್ಕ ಆ ಬೀಗದ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ಅದಕ್ಕೆ ಮೆತ್ತಿದ ಗುಲಾಬಿ ಚೂರನ್ನು ಆಗಾಗ ಉಗುರಿನಿಂದ ಕೆರೆಯುತ್ತಿದ್ದುದನ್ನು ಬಿಟ್ಟರೆ ಆ ವಾರವೆಲ್ಲ ಅವರಲ್ಲಿ ಬೇರೆ ಬದಲಾವಣೆ ಕಾಣಲಿಲ್ಲ.

ಆದರೆ ಆ ಸಲದ ಸಿದ್ಧತೆ ಹಿಂದಿನಂತಿರಲಿಲ್ಲ. ಹುಡುಗಾಟ ಇಳಿದು ದಂಡಯಾತ್ರೆಯ ಗಾಂಭೀರ್ಯ ಬಂದಿತ್ತು. ಯಾವ ತಿಂಡಿ ಒಯ್ಯಬೇಕೆಂದು ಗೊತ್ತುಮಾಡಲು ಹಳೆಯ ಬಿರಡೆಗಳನ್ನು ಹಾಕಿಕೊಂಡು ಗೂಡಿನಲ್ಲಿ ಕೂತು ಒಂದೊಂದನ್ನೇ ಅಗಿದು ನೋಡಿದರು. ಕಿವಿ ಮುಚ್ಚಿದಾಗ ಅಗಿಯುವ ಸದ್ದೆಲ್ಲ ತಲೆಬುರುಡೆಯೊಳಗೇ ಮೊಳಗುತ್ತದೆ. ಬಿಸ್ಕತ್ತು ಹಿಟ್ಟಿನ ಗಿರಣಿಯಂತೆ, ಸೌತೆಕಾಯಿ ಮರ ಮುರಿದಂತೆ ಕೇಳಿಸಿ ಅನರ್ಹವಾದವು. ಬಾಳೆಹಣ್ಣು, ಮೆತ್ತನೆಯ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ಗೆದ್ದವು. ಸ್ಟೀಲಿನ ಚಮಚ ಹೋಗಿ ಮರದ್ದು ಬಂತು. ಗಡಿಯಾರಕ್ಕೆ ಪ್ರವೇಶವಿಲ್ಲ. ಚೀಲದ ಜಿಪ್ಪು ಕಿರ್ರೆನ್ನುತ್ತದೆಂದು ಗುಂಡಿಯಿರುವ ಚೀಲ. ಕಾಲಿಗೆ ಆ ರಬ್ಬರಿನ ಅಟ್ಟೆ ಇದ್ದೇ ಇತ್ತು. ಎಲ್ಲವನ್ನೂ ಒಟ್ಟಾಗಿ ಮೇಜಿನ ಮೇಲೆ ಹರಡಿದ್ದನ್ನು ನೋಡಿ ಯಜಮಾನರು ಕನ್ನಡಕ ಏರಿಸಿ, "ಏನಮ್ಮಾ, ತಪಸ್ಸಿಗೆ ಹೊರಟಿದ್ದೀರೋ, ಕನ್ನ ಹಾಕೋಕೋ?" ಎಂದು ಕೇಳಿದರು.

ಒಬ್ಬರೇ ಯಾಕೆ ಎಂಬ ಪ್ರಶ್ನೆ ಎಲ್ಲರದ್ದೂ ಆಗಿತ್ತು. ಧ್ಯಾನ ಕಲಿಸುವ ಕೇಂದ್ರಗಳು ಬೇಕಾದಷ್ಟಿವೆ, ಊಟ ವಸತಿ ಎಲ್ಲ ಅವರದೇ, ನಾಲ್ಕು ಜನ ಇರುತ್ತಾರೆ ಎಂದು ನಾನೂ ನನ್ನ ಪಾಲಿನ ಉಪದೇಶ ಕೊಟ್ಟೆ. ಒಮ್ಮೆ ಹೋಗಿ ನೋಡಿ ಬಂದಿದ್ದರಂತೆ. ನೂರು ಜನ ಒಟ್ಟಿಗೆ ಕೂತು ಸುಮ್ಮನಿರುವ ಸದ್ದಿದೆಯಲ್ಲ, ಅದರಷ್ಟು ದೊಡ್ಡ ಸದ್ದು ಇನ್ನೊಂದಿಲ್ಲ ಎಂದರು. ಹೊಟ್ಟೆಗಳು ಗುಡುಗುತ್ತವೆ, ಮಂಡಿಗಳು ಲಟಕ್ ಎನ್ನುತ್ತವೆ, ಪಕ್ಕದವರು ನಿಟ್ಟುಸಿರು ಬಿಟ್ಟರೆ ಏನಾಯಿತೋ ಎಂದು ಕೇಳಬೇಕೆನ್ನಿಸುತ್ತದೆ. ಅವರ ಕಷ್ಟವೇ ಅದು. ಯಾರಾದರೂ ನಿಟ್ಟುಸಿರು ಬಿಟ್ಟರೆ ಅವರು ಕೇಳದೆ ಇರಲಾರರು.

ಅದಕ್ಕೆ ಕಾರಣ ಅವರ ಕಸುಬು. ಬಾಯಿ ಮುಚ್ಚಿಕೊಂಡು ತೆಗೆಸಿದ ಅಚ್ಚು ಮಾತಾಡುವವರಿಗೆ ಕೂರುವುದಿಲ್ಲ. ದವಡೆ ಆಡಿದಾಗ ಕಿವಿಯ ದಾರಿಯೂ ಹಿಗ್ಗುತ್ತದೆ. ಮೌನದಲ್ಲಿ ತೆಗೆದ ಅಚ್ಚು ಆಗ ಸಡಿಲವಾಗಿ, ಮಷೀನು ಸಿಳ್ಳೆ ಹಾಕತೊಡಗುತ್ತದೆ. ಆದ್ದರಿಂದ ಲೇಪ ತುಂಬಿದೊಡನೆ ಅಚ್ಚಕ್ಕ ಪ್ರತಿಯೊಬ್ಬರಿಗೂ ಹೇಳುತ್ತಿದ್ದ ಮಾತು: "ಏನಾದ್ರೂ ಮಾತಾಡ್ತಾ ಇರಿ." ಏನಾದರೂ ಮಾತಾಡು ಎಂದರೆ ಮನುಷ್ಯ ಏನು ಮಾತಾಡುತ್ತಾನೆ? ಬಿಸಿಲಿನಿಂದ ಶುರುಮಾಡುತ್ತಾನೆ, ಬಿಸಿಲಿನಿಂದ ಮನೆಗೆ, ಮನೆಯಿಂದ ಮಗನಿಗೆ, ಮಗನಿಂದ ಮಾತುಬಿಟ್ಟ ತಮ್ಮನಿಗೆ, ಲೇಪ ಗಟ್ಟಿಯಾಗುವ ಹೊತ್ತಿಗೆ ಯಾರಿಗೂ ಹೇಳದೆ ಇಟ್ಟುಕೊಂಡ ಜಾಗಕ್ಕೆ ಬಂದು ಮುಟ್ಟುತ್ತಾನೆ. ತನ್ನ ಕಿವಿ ಮುಚ್ಚಿರುವುದರಿಂದ ತಾನೇನು ಹೇಳುತ್ತಿದ್ದೇನೆಂಬುದು ಅವನಿಗೇ ಸರಿಯಾಗಿ ಕೇಳಿಸಿರುವುದಿಲ್ಲ. ಕೇಳಿಸಿಕೊಂಡವರು ಅಚ್ಚಕ್ಕ. ಅಚ್ಚು ಗಿರಾಕಿಯ ಪಾಲಿಗೆ, ಕಥೆ ಅವರ ಪಾಲಿಗೆ.

ಮನೆಯಲ್ಲಾದರೂ ವಿಶ್ರಾಂತಿ ಇತ್ತೇ? ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಸಾಧು ಮನುಷ್ಯ, ಆದರೆ ತುಟಿಗಳ ನಡುವೆ ಸದಾ ಗುಂಡುಸೂಜಿಗಳ ಸಾಲು ಕಚ್ಚಿಕೊಂಡೇ ಇರುತ್ತಿದ್ದರು, ಮಾತೆಲ್ಲ ಸೂಜಿಗಳ ಸಂದಿಯಿಂದ ಸೋಸಿ ಬರುತ್ತಿತ್ತು. ಅವರ ತಾಯಿಗೆ ಕಿವಿ ಕೇಳದು. ಸೊಸೆ ಊರಿಗೆಲ್ಲ ಕಿವಿ ಕೊಟ್ಟರೂ ಅತ್ತೆ ಮಾತ್ರ ಮಷೀನು ಹಾಕಿಕೊಳ್ಳಲು ಒಪ್ಪಿರಲಿಲ್ಲ. ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದರು. ಸೂಜಿ ಕಚ್ಚಿದ ಮಗನ ತುಟಿಯಲ್ಲಿ ಓದುವುದೇನು? ಹೀಗೆ ಒಂದೇ ಸೂರಿನಡಿ ತಾಯಿ ಮಗ ಇಬ್ಬರೂ ಸೊಸೆಯ ಮೂಲಕವೇ ಮಾತಾಡುತ್ತಿದ್ದರು. ಮಗ ಸೂಜಿಯ ಸಂದಿಯಿಂದ ಏನೋ ಅನ್ನುವುದು, ಅಚ್ಚಕ್ಕ ಅತ್ತೆಯ ಕಡೆ ಮುಖ ತಿರುಗಿಸಿ ನಿಧಾನವಾಗಿ, "ಬೆನ್ನುನೋವು ಹೇಗಿದೆ ಅಂತ ಕೇಳ್ತಿದ್ದಾರೆ" ಅನ್ನುವುದು.

ಪ್ರಯಾಣದ ಸುದ್ದಿ ಅತ್ತೆಗೆ ತಿಳಿಸಿದ ಸಂಜೆ ನಾನು ಅಲ್ಲಿದ್ದೆ. ಒಂದು ಪ್ಯಾಂಟಿನ ಸೊಂಟ ಬಿಡಿಸಲು ಹೋಗಿದ್ದೆ. (ಕೆಲಸಕ್ಕೆ ಸೇರಿದ ಮೇಲೆ ನನ್ನಲ್ಲಿ ಆದ ಏಕೈಕ ಅಭಿವೃದ್ಧಿ ಅದು.)

"ಅಲ್ಲಿ ಕೂತು ಏನ್ ಮಾಡ್ತೀಯೇ?" ಎಂದರು ಅತ್ತೆ.

"ಸುಮ್ನೆ ಕೂತ್ಕೋತೀನಿ ಅತ್ತೆ."

"ಅದನ್ನ ಇಲ್ಲೇ ಮಾಡು. ಯಾರು ಬೇಡ ಅಂದ್ರು?"

"ನೀವೇ."

ಅತ್ತೆ ಸೊಸೆಯ ತುಟಿಗಳನ್ನೇ ಸ್ವಲ್ಪ ಹೊತ್ತು ನೋಡಿ, ತಾವು ಸರಿಯಾಗಿ ಓದಿದೆವೇ ಎಂಬ ಅನುಮಾನದಿಂದ ಮಗನ ಕಡೆ ತಿರುಗಿದರು. ಮಗ ಸೂಜಿಗಳನ್ನು ಕಚ್ಚಿಕೊಂಡು ಬಟ್ಟೆಯ ಮೇಲೆ ಬಗ್ಗಿದರು. ಆ ಮನೆಯಲ್ಲಿ ಗುಂಡುಸೂಜಿಗೆ ಅಂಥ ಉಪಯೋಗಗಳೂ ಇದ್ದವು.

ಉಳಿದವರು ಯಜಮಾನರು. ಅವರ ಕೈ ಆಗಲೇ ನಡುಗುತ್ತಿತ್ತು, ಅಚ್ಚು ತೆಗೆಯುವುದು ಅವರಿಂದಾಗದು. ಕತ್ತೆಗೆ ಕೋಡು ಮೂಡಿದ ದಿನ ಹೋಗಿ ಎಂಬ ಧಾಟಿಯಲ್ಲಿ, ಮೈಕು ಅಚ್ಚು ತೆಗೆಯುವುದು ಕಲಿತರೆ ಧಾರಾಳವಾಗಿ ಹೋಗಿ ಎಂದುಬಿಟ್ಟರು. ಹೀಗೆ ಒಬ್ಬ ಹೆಂಗಸಿನ ಬಹುಕಾಲದ ಆಸೆ, ಬಾಟಲಿಗೆ ಎಣ್ಣೆ ಹೊಯ್ದರೂ ಅರ್ಧ ಹೊರಗೆ ಚೆಲ್ಲುವ ನನ್ನ ಕೈಗಳ ಮೇಲೆ ಬಂದು ನಿಂತಿತು. ಚಳಿ ಮುಗಿಯುವವರೆಗೂ ಅವರು ನನ್ನನ್ನು ತಿದ್ದಿದರು. ರಬ್ಬರಿನ ಕಿವಿಯ ಮೇಲೆ, ಯಜಮಾನರ ಕಿವಿಯ ಮೇಲೆ, ಕನಿಕರವಿದ್ದ ಕೆಲವು ಹಳೆಯ ಗಿರಾಕಿಗಳ ಕಿವಿಯ ಮೇಲೆ ಪ್ರಯೋಗ ನಡೆಯಿತು. ನನ್ನ ಮೊದಲ ಅಚ್ಚುಗಳು ಹುಳು ಕೊರೆದ ಬದನೆಕಾಯಿಯಂತಿದ್ದವು. ಅಚ್ಚಕ್ಕ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಬಯ್ಯದೆ, ಹೊಗಳದೆ, ಡಬ್ಬಕ್ಕೆ ಹಾಕಿ, "ಇನ್ನೊಂದು" ಎನ್ನುತ್ತಿದ್ದರು. ಆ 'ಇನ್ನೊಂದು' ಎಂಬುದರಲ್ಲಿ ಅವಸರ ಇರಲಿಲ್ಲ. ಬೇಸಿಗೆ ಓಡಿಬರುತ್ತಿತ್ತು, ಆದರೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸುತ್ತಿತ್ತು.

ಕಡೆಗೆ ಪರೀಕ್ಷೆಯ ದಿನ ಬಂತು. ಪರೀಕ್ಷೆಗೆ ಇಟ್ಟ ಕಿವಿ ಅವರದೇ. ಚೆನ್ನಾಗಿ ಬಂದರೆ ನಾನು ಪಾಸು, ಅದೇ ಅಚ್ಚಿನಿಂದ ಆ ವರ್ಷದ ಬಿರಡೆ. ಗಿರಾಕಿಯ ಕುರ್ಚಿಯಲ್ಲಿ ಅವರು ಕೂತರು. ಕೂರುವ ಮುನ್ನ ಎಚ್ಚರಿಸಿದರು: ಇದು ಮೌನಕ್ಕೆ ಬೇಕಾದ ಬಿರಡೆ, ಬಾಯಿ ಮುಚ್ಚಿಯೇ ತೆಗೆಯಬೇಕು, ಮಾತಾಡಿಸಬೇಡ. ಟಾರ್ಚು ಹಿಡಿದು ನೋಡಿದೆ, ಹತ್ತಿಯ ತಡೆ ಇಟ್ಟೆ, ಲೇಪ ತುಂಬಿದೆ. ಹೊರಗೆ ಒಂದಿಷ್ಟೂ ಚೆಲ್ಲಲಿಲ್ಲ. ಆ ಸಂತೋಷ ತಡೆಯಲಾರದೆಯೋ, ಅಥವಾ ಪಿಚಕಾರಿ ಕೆಳಗಿಟ್ಟ ಮೇಲೆ ಬಾಯಿ ಬಿಡುವುದು ನಮ್ಮ ಅಂಗಡಿಯ ಸಂಪ್ರದಾಯವಾದ್ದರಿಂದಲೋ, ಆ ಕೋಣೆ ಹೇಗಿದೆಯಕ್ಕಾ ಎಂದು ಕೇಳಿಬಿಟ್ಟೆ.

ಅವರು ಹೇಳತೊಡಗಿದರು. ಎಂದೂ ಕಾಣದ ಆ ಕೋಣೆಯನ್ನು ಹುಟ್ಟಿ ಬೆಳೆದ ಮನೆಯಂತೆ ಬಣ್ಣಿಸಿದರು. ಏಣಿಯ ಮೂರನೆಯ ಮೆಟ್ಟಿಲು ಸಡಿಲ, ಕಿಟಕಿಗೆ ಹಗ್ಗ ಕಟ್ಟಿ ಎಳೆಯಬೇಕು, ಬೆಳಗಿನ ಬಿಸಿಲು ನೀರಿಗೆ ಬಿದ್ದು ಸೂರಿನ ಮೇಲೆ ಕುಣಿಯುತ್ತದೆ. ದನಿ ಏರುತ್ತಿತ್ತು, ಕಿವಿ ಮುಚ್ಚಿದವರ ದನಿ ಏರುವ ಹಾಗೆ. ಬಿಸಿಲಿನಿಂದ ಶುರುವಾದದ್ದು ಎಲ್ಲರದ್ದೂ ಮುಟ್ಟುವ ಜಾಗಕ್ಕೆ ಬಂದು ಮುಟ್ಟಿತು. "ನನ್ನ ತಲೆ ತುಂಬ ಬೇರೆಯವರ ಮಾತೇ ಇದೆ ಕಣೋ. ಅಲ್ಲಿ ಹೋಗಿ ಕೂತಾಗ, ಅವೆಲ್ಲ ಹೋದ್ಮೇಲೆ, ಒಳಗೆ ನಂದು ಅಂತ ಏನೂ ಇಲ್ಲ ಅಂತ ಗೊತ್ತಾಗ್ಬಿಟ್ರೆ?" ಎಂದರು. ಕೊನೆಗೆ 'ಕೇಳಿಸ್ತಾ' ಇರಲಿಲ್ಲ. ನಾನು ಲೇಪಕ್ಕೆ ಉಗುರು ಒತ್ತಿ ನೋಡಿದೆ, ಗಟ್ಟಿಯಾಗಿತ್ತು. ಹೊರಳಿಸಿ ತೆಗೆದೆ. ಗುಳ್ಳೆಯಿಲ್ಲ, ಬಿರುಕಿಲ್ಲ, ಕಿವಿಯ ಎರಡು ತಿರುವುಗಳೂ ಸ್ಫುಟವಾಗಿ ಮೂಡಿದ್ದವು. ಅವರು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಇನ್ನೊಂದು ಎನ್ನಲಿಲ್ಲ. ಮತ್ತೊಂದು ಕಿವಿ ಮುಂದೆ ಮಾಡಿದರು. ಅದು ಗಟ್ಟಿಯಾಗುವವರೆಗೂ ಅತ್ತೆಯ ವಿಚಾರ ಮಾತಾಡಿದರು. ಬಾಯಿ ಮುಚ್ಚಿ ತೆಗೆಯಬೇಕೆಂಬುದು ಹೇಳಿಕೊಟ್ಟವರಿಗೂ ಕಲಿತವನಿಗೂ, ದೂರದಲ್ಲಿ ಕಿವಿಗೊಟ್ಟು ಕೂತಿದ್ದ ಯಜಮಾನರಿಗೂ ಹೊಳೆಯಲಿಲ್ಲ.

ಬಿಸಿಲು ಕಾದ ಒಂದು ಬೆಳಿಗ್ಗೆ ಗುಂಡಿಯ ಚೀಲ ಹೆಗಲಿಗೇರಿಸಿ ಅವರು ಹೋದರು. ಫೋನು ಗಂಡನ ಹೊಲಿಗೆ ಯಂತ್ರದ ಮೇಲೆ ಉಳಿಯಿತು.

ಆ ದಿನಗಳ ಅಂಗಡಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೇಲಿನ ಫ್ಯಾನಿನ ಟಕಟಕ, ಕೆಳಗಿನ ರಸ್ತೆಯ ಹಾರನ್ನು, ಬೆವರು ಒರೆಸಿಕೊಳ್ಳುತ್ತ ಮೆಟ್ಟಿಲೇರಿ ಬರುವವರ ಏದುಸಿರು. ಎಲ್ಲರ ಮೊದಲ ಪ್ರಶ್ನೆ, ಅಕ್ಕ ಇಲ್ವಾ? ನಾನು ಲೇಪ ತುಂಬಿ, ಏನಾದರೂ ಮಾತಾಡಿ ಎನ್ನುತ್ತಿದ್ದೆ. ಅವರು ಅಚ್ಚಕ್ಕನ ವಿಷಯವನ್ನೇ ಮಾತಾಡುತ್ತಿದ್ದರು. ಒಂದು ಮಧ್ಯಾಹ್ನ ಮುದುಕರೊಬ್ಬರಿಗೆ ಏನೋ ವಿವರಿಸಿ ಕೊನೆಗೆ 'ಕೇಳಿಸ್ತಾ?' ಎಂದುಬಿಟ್ಟೆ, ಯಜಮಾನರು ತಟ್ಟನೆ ತಲೆಯೆತ್ತಿ ಬಾಗಿಲ ಕಡೆ ನೋಡಿದರು. ಇನ್ನೊಂದು ದಿನ ಊಟದ ಬಿಡುವಿನಲ್ಲಿ ನಾನೂ ಗೂಡಿನೊಳಗೆ ಹೋಗಿ ಕಣ್ಣು ಮುಚ್ಚಿ ಕೂತೆ. ಮೊದಲು ಎದೆಬಡಿತ ಕೇಳಿಸಿತು, ಆಮೇಲೆ ಹೊಟ್ಟೆ. ಹೊಟ್ಟೆಯೇ ಹೆಚ್ಚು ಸ್ಪಷ್ಟವಾಗಿ ಮಾತಾಡಿದ್ದರಿಂದ ಎದ್ದು ಬಂದು ಉಂಡೆ.

ವಾರ ಕಳೆದ ಮೇಲೆ ಅಪರಿಚಿತರೊಬ್ಬರು ಅಂಗಡಿಗೆ ಬಂದು ನಿಂತರು. ಏನು ಬೇಕು ಸಾರ್ ಎಂದೆ. ಅವರು ನಕ್ಕಾಗ ಗೊತ್ತಾಯಿತು, ದರ್ಜಿಯವರು. ಬಾಯಲ್ಲಿ ಸೂಜಿಗಳಿರಲಿಲ್ಲ, ನಾನು ಅವರ ತುಟಿಗಳನ್ನು ನೋಡಿದ್ದೇ ಅಂದು. ಅಮ್ಮನ ಜೊತೆ ಮಾತಾಡಿ ಮಾತಾಡಿ ದವಡೆ ಹಿಡಿದುಕೊಂಡಿದೆ ಎಂದು ಕೆನ್ನೆ ಉಜ್ಜಿಕೊಂಡರು. ಇಷ್ಟು ವರ್ಷದ್ದೆಲ್ಲ ಕೇಳುತ್ತಿದ್ದಾಳೆ, ಚಿಕ್ಕಂದಿನಲ್ಲಿ ತಾನು ಹೊಡೆದದ್ದು ನೆನಪಿದೆಯಾ ಎಂದು ಕೂಡ ಕೇಳಿದಳು ಎಂದರು. ಆಮೇಲೆ, ಹೆಂಡತಿ ಯಾವತ್ತು ಬರುತ್ತಾಳೆ ಎಂದು, ಗೊತ್ತಿದ್ದದ್ದನ್ನೇ ಕೇಳಿಕೊಂಡು ಹೋದರು.

ಅಚ್ಚಕ್ಕ ಬಂದಾಗ ಮೂಗಿನ ತುದಿ ಬಿಸಿಲಿಗೆ ಸುಲಿದಿತ್ತು. ಕಿವಿಗಳ ಅಂಚು ಕೆಂಪಾಗಿತ್ತು. ಸೀದಾ ಬಂದವರೇ ಬಿರಡೆಗಳನ್ನು ನನ್ನ ಮುಂದಿಟ್ಟರು. ಹಾಕಿಕೊಂಡು ಬಾಯಿ ಮುಚ್ಚಿದರೆ ಒತ್ತುತ್ತಿದ್ದವಂತೆ, ಬಾಯಿ ತೆರೆದರೆ ಸರಿಯಾಗಿ ಕೂರುತ್ತಿದ್ದವಂತೆ. ಮೊದಲ ದಿನವೆಲ್ಲ ದಡಕ್ಕೆ ಬಿದ್ದ ಮೀನಿನಂತೆ ಬಾಯಿ ತೆರೆದುಕೊಂಡು ಧ್ಯಾನಕ್ಕೆ ಕೂತಿದ್ದರು. ಕಾರಣ ಹೊಳೆದದ್ದು ಸಂಜೆಗೆ. ಹೊಳೆದಾಗ ಆ ಕೋಣೆಯಲ್ಲಿ ಒಬ್ಬರೇ ಕೂತು ಗಟ್ಟಿಯಾಗಿ ನಕ್ಕುಬಿಟ್ಟರಂತೆ. ಅಲ್ಲಿ ಅವರ ಬಾಯಿಂದ ಹೊರಟ ಸದ್ದು ಅದೊಂದೇ. ಆಮೇಲೆ ಬಿರಡೆಗಳನ್ನು ಪಾತ್ರೆಗೆ ಹಾಕಿ ಮುಚ್ಚಿಟ್ಟು, ಕಿವಿ ತೆರೆದುಕೊಂಡೇ ಉಳಿದ ದಿನಗಳನ್ನು ಕೂತರು. ದೋಣಿಗಳು ಬಡಬಡಿಸಿದವು, ಹಕ್ಕಿಗಳು ಜಗಳವಾಡಿದವು, ನೀರು ಹಲಗೆಗೆ ಬಡಿಯಿತು. ಯಾವುದೂ ತಮಗೆ ಹೇಳಿದ್ದಲ್ಲ ಎಂದು ನಾನು ಕೇಳದೆಯೇ ಸೇರಿಸಿದರು. ಆ ಜೋಡಿಯೂ ಡ್ರಾಯರಿನ ಸಾಲಿಗೆ ಸೇರಿತು. ಅವರ ಕಿವಿಯನ್ನು ಹೊಕ್ಕು ಸರೋವರ ಕಂಡು ಬಂದದ್ದು ಅದೊಂದೇ.

ಮಳೆಗೆ ಮುಂಚೆ ಆ ಕೋಣೆ ಕೈಬಿಟ್ಟಿತು. ಮುಂದೆ ಯಜಮಾನರೂ ಅಂಗಡಿ ಮುಚ್ಚಿದರು. ನಾನೀಗ ತಣ್ಣನೆ ಗಾಳಿಯ ದೊಡ್ಡ ಮಳಿಗೆಯಲ್ಲಿ ಮೊದಲಿಗಿಂತ ಸ್ವಲ್ಪ ಉದ್ದನೆಯ ಪದವಿಯನ್ನು ಎದೆಗೆ ಸಿಕ್ಕಿಸಿಕೊಂಡು ನಿಂತಿರುತ್ತೇನೆ. ಅಲ್ಲಿ ಲೇಪವಿಲ್ಲ, ಪಿಚಕಾರಿಯಿಲ್ಲ. ಒಂದು ಯಂತ್ರ ಕಿವಿಯೊಳಗೆ ಬೆಳಕು ಬಿಟ್ಟು ಅಳತೆ ಹಿಡಿದುಕೊಳ್ಳುತ್ತದೆ. ಬಂದವರು ಬಂದಷ್ಟೇ ಬೇಗ ಹೋಗುತ್ತಾರೆ. ಏನಾದರೂ ಮಾತಾಡಿ ಎಂದು ಯಾರಿಗೂ ಹೇಳಬೇಕಾಗಿಲ್ಲ. ಕೆಲವೊಮ್ಮೆ ಯಾರೋ ಮುದುಕರು ಕುರ್ಚಿಯಿಂದ ಎದ್ದ ಮೇಲೂ ಬಾಗಿಲ ಬಳಿ ತಡೆದು ನಿಂತು ಬಿಸಿಲಿನ ವಿಚಾರ ಎತ್ತುತ್ತಾರೆ. ನಾನು ಗಡಿಯಾರ ನೋಡುತ್ತೇನೆ. ಆಗ ಅಚ್ಚಕ್ಕನವರ ನೆನಪಾಗುತ್ತದೆ.

ಅವರಂಥವರು ಎಲ್ಲ ಕಡೆಯೂ ಇರುತ್ತಾರೆ. ಇಲ್ಲದಿದ್ದರೆ ಯಾವ ಮನೆಯೂ ಯಾವ ಅಂಗಡಿಯೂ ನಡೆಯದು. ಊರವರೆಲ್ಲ ತಮ್ಮ ಮಾತನ್ನು ಅವರ ಬಳಿ ಇಳಿಸಿ ಹಗುರಾಗಿ ಹೋಗುತ್ತಾರೆ, ಇಳಿಸಿದ್ದು ಎಲ್ಲಿ ಹೋಯಿತೆಂದು ಯಾರೂ ವಿಚಾರಿಸುವುದಿಲ್ಲ. ಬಾವಿಗೆ ದಣಿವುಂಟೇ ಎಂದುಕೊಂಡಿರುತ್ತೇವೆ. ಅವರು ಒಂದು ದಿನ ಎದ್ದು, ಸ್ವಲ್ಪ ಕಾಲ ನಾನು ಇರುವುದಿಲ್ಲ ಎಂದರೆ, ಎಲ್ಲಿಗೆ ಎಂದು ಕೇಳುತ್ತೇವೆ, ಯಾಕೆ ಎಂದು ಕೇಳುತ್ತೇವೆ, ಹೋದಲ್ಲಿಯೂ ನಮ್ಮನ್ನೇ ನೆನೆಯುತ್ತಿರಬೇಕೆಂದು ಒಳಗೊಳಗೇ ಬಯಸುತ್ತೇವೆ. ಅವರ ಏಕಾಂತದಲ್ಲೂ ನಮಗೊಂದು ಕುರ್ಚಿ ಬೇಕು.

ನಾನು ಬಯಸಿದ್ದನ್ನು ಬಾಯಿಬಿಟ್ಟು ಕೇಳಿಯೂ ಬಿಟ್ಟೆ. ಅವರು ಮರಳಿದ ದಿನ ಸಂಜೆ, ಅವರ ಮನೆಯಲ್ಲಿ. ಅತ್ತೆ ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದರು. ದರ್ಜಿಯವರು ಯಂತ್ರದ ಮುಂದೆ, ಹೆಂಡತಿ ಬಂದಳೆಂಬ ನೆಮ್ಮದಿಯಲ್ಲಿ ಮತ್ತೆ ಒಂದೆರಡು ಸೂಜಿ ಕಚ್ಚಿದ್ದರು. ಯಜಮಾನರೂ ಬಂದು ಕೂತಿದ್ದರು. ಎಲ್ಲರಿಗೂ ಕೇಳಬೇಕೆಂದಿದ್ದ, ಯಾರೂ ಕೇಳದ ಮಾತು ಅದು. "ಅಕ್ಕಾ, ಅಲ್ಲಿ ನಮ್ಮ ನೆನಪು ಬಂತಾ?" ಎಂದೆ.

ಹೊಲಿಗೆ ಯಂತ್ರದ ಗಾಲಿ ನಿಂತಿತು. ಅಚ್ಚಕ್ಕ ನಮ್ಮೆಲ್ಲರ ಕಿವಿಗಳನ್ನೂ ಒಂದು ಸುತ್ತು ನೋಡಿದರು. ಗಂಡನ ತುಟಿಗಳಿಂದ ಸೂಜಿಗಳನ್ನು ಬಿಡಿಸಿ ಯಂತ್ರದ ಮೇಲಿಟ್ಟರು. ಆಮೇಲೆ ಅತ್ತೆಗೂ ತುಟಿ ಕಾಣುವಂತೆ ಬೆಳಕಿಗೆ ಮುಖ ತಿರುಗಿಸಿಕೊಂಡು, ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು:

"ಇಲ್ಲ. ಯಾರದ್ದೂ ಬರ್ಲಿಲ್ಲ. ಕೇಳಿಸ್ತಾ?"